ಹುಡುಕಿದವರಿಗೆ ಊರು ಸಿಗಬೇಕು

ಪ್ರೀತಿಯ ತಂಗಿ,

ನಮ್ಮ ನಾಲ್ಕು ತಾಲ್ಲೂಕುಗಳ ಬಗ್ಗೆ ನೀನು ಕಟ್ಟುತ್ತಿರುವ ಜಾಲತಾಣದ ಸುದ್ದಿ ಓದಿ ಬಹಳ ಸಂತೋಷವಾಯಿತು. ಹಾನಗಲ್ಲಿನ ತಾರಕೇಶ್ವರ ಗುಡಿ, ಸವಣೂರಿನ ದೊಡ್ಡಹುಣಸೆ ಮರಗಳು, ಶಿಗ್ಗಾವಿ ತಾಲ್ಲೂಕಿನ ಬಾಡ ಮತ್ತು ಶಿಶುನಾಳ, ಹಿರೇಕೆರೂರು ತಾಲ್ಲೂಕಿನ ಅಬಲೂರು ಎಲ್ಲವೂ ಒಂದೇ ಕಡೆ, ಕನ್ನಡದಲ್ಲಿ ಸಿಗಬೇಕೆಂಬ ನಿನ್ನ ಆಸೆ ದೊಡ್ಡದು. ಆದರೆ "ಎಲ್ಲಾ ಮುಗದ ಮ್ಯಾಲೆ ಕಡೀಕ ಒಮ್ಮೆ ಚೆಕ್ ಮಾಡ್ತೀನಿ ಅಕ್ಕಾ" ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲಿಗಾಗಿಯೇ ಈ ಪತ್ರ. ನಿನ್ನ ಹಾಗೆ ಯೋಚಿಸುವ ಹುಡುಗ ಹುಡುಗಿಯರು ಇನ್ನೂ ಇದ್ದಾರೆ, ಅವರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ಕಡೆಗೆ ನೋಡುವವರು ತಾವು ಕಟ್ಟಿದ್ದನ್ನೇ ಮತ್ತೆ ನೋಡಿ ಬರುತ್ತಾರೆ. ಗುಂಡಿ ಒತ್ತಿದರೆ ಪುಟ ತೆರೆಯಿತು, ಚಿತ್ರ ಬಂತು, ಸಾಕು ಅನ್ನಿಸುತ್ತದೆ. ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಮೇಲೆ ಬರೆದ ಪುಸ್ತಕ ಇಂದಿಗೂ ಈ ಕಸುಬಿನವರ ಕೈಯಲ್ಲಿದೆ. ಬರಬೇಕಾದ ಉತ್ತರವನ್ನು ಮೊದಲೇ ಬರೆದಿಡದೆ ಪರೀಕ್ಷೆ ಮಾಡಬೇಡ ಎಂಬುದು ಅದರ ಮುಖ್ಯ ಪಾಠಗಳಲ್ಲಿ ಒಂದು. ಉತ್ತರ ಕಣ್ಣೆದುರು ಬಂದ ಮೇಲೆ ಯೋಚಿಸಿದರೆ, ತಪ್ಪು ಉತ್ತರವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಮುಖಪುಟದ ಬಣ್ಣ ಆರಿಸುವುದಕ್ಕೂ ಮೊದಲು ಒಂದು ಹಾಳೆ ತಗೊಂಡು ಕೂತ್ಕೊ. ಏನು ಮಾಡಿದಾಗ ಏನು ಬರಬೇಕು ಎಂದು ಸಾಲುಸಾಲಾಗಿ ಬರೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ದಪ್ಪ ದಪ್ಪ ದಾಖಲೆಗಳಿರುತ್ತವೆ, ನಿನಗೆ ಒಂದು ಹಾಳೆ ಸಾಕು.

ಸಾಲುಗಳು ಎಲ್ಲಿಂದ ಬರಬೇಕು? ಬರುವವರಿಂದ. ಬೆಂಗಳೂರಿನಲ್ಲಿ ಕೂತು ಸವಣೂರು ಎಂದು ಟೈಪ್ ಮಾಡುವವರನ್ನು ನೆನಸಿಕೊ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ಸುತ್ತಲಿನ ಜಾಗ ನೋಡಬೇಕೆಂದಿರುವ ವಿದ್ಯಾರ್ಥಿಯನ್ನು ನೆನಸಿಕೊ. ಇವರಿಗೆ ಏನು ಕೆಟ್ಟರೆ ಹೆಚ್ಚು ತೊಂದರೆಯೋ ಅದು ಹಾಳೆಯ ಮೇಲ್ತುದಿಗೆ ಬರಲಿ. ಫೋಟೋ ತುಸು ವಾಲಿದ್ದರೆ ಯಾರಿಗೂ ನಷ್ಟವಿಲ್ಲ. ಊರಿನ ಹೆಸರು ಹುಡುಕಿದಾಗ "ಏನೂ ಸಿಗಲಿಲ್ಲ" ಎಂದು ಬಂದರೆ ಅವರು ತಿರುಗಿ ಬರುವುದಿಲ್ಲ.

ಹೆಸರಿನ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ನಮ್ಮ ಊರುಗಳನ್ನು ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ. ಹಾನಗಲ್, ಹಾನಗಲ್ಲ, ಶಿಗ್ಗಾವಿ, ಶಿಗ್ಗಾಂವ, ಶಿಗ್ಗಾಂವಿ, ಸವಣೂರು, ಸವಣೂರ, ಹಿರೇಕೆರೂರು, ಹಿರೇಕೆರೂರ. ಬೋರ್ಡಿನ ಮೇಲೊಂದು, ಪತ್ರಿಕೆಯಲ್ಲೊಂದು, ಮದುವೆ ಕಾರ್ಡಿನಲ್ಲಿ ಇನ್ನೊಂದು. ಸಾದಾ ಹುಡುಕಾಟಕ್ಕೆ ಇವೆಲ್ಲ ಬೇರೆ ಬೇರೆ ಊರುಗಳು. "ಸವಣೂರು" ಎಂದು ಕೇಳಿದರೆ ಪುಟದಲ್ಲಿರುವ "ಸವಣೂರಿನ" ಕೂಡ ಅದಕ್ಕೆ ಕಾಣದು, ಏಕೆಂದರೆ ಕೊನೆಯ ಕೊಂಬು ಅಲ್ಲಿಲ್ಲ. ಪ್ರತಿ ಪುಟಕ್ಕೂ ಆ ಊರಿನ ಎಲ್ಲ ರೂಪಗಳನ್ನು ಸೂಚಕ ಪದಗಳಾಗಿ ಸೇರಿಸು. ಆಮೇಲೆ ಒಂದೊಂದು ರೂಪವನ್ನೂ ಹುಡುಕಿ, ಅದೇ ಪುಟ ಬಂತೇ ಎಂದು ಗುರುತು ಹಾಕು.

ಕಣ್ಣಿಗೆ ಕಾಣದ ತೊಡಕೂ ಇದೆ. ಯೂನಿಕೋಡ್‌ನಲ್ಲಿ ಗೊಟಗೋಡಿಯ "ಗೋ" ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹುಡುಕುವ ಪದವನ್ನೂ ಪುಟದ ಪಠ್ಯವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಸೌಲಭ್ಯ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ, ಬಳಸು. ಬಳಸಿದ ಮೇಲೆ ಎರಡೂ ಬಗೆಯ ಗೊಟಗೋಡಿಯನ್ನು ಕೊಟ್ಟು ನೋಡು. "ಹಾನಗಲ್‌ನ" ಎಂದು ಬರೆಯುವಾಗ ಒತ್ತು ಕೂಡದಿರಲೆಂದು ನಡುವೆ ಹಾಕುವ ಅಗೋಚರ ಚಿಹ್ನೆಯೂ ಇಂಥದೇ ತೊಡಕು. ಅದು ಇದ್ದರೂ ಇಲ್ಲದಿದ್ದರೂ ಊರು ಸಿಗಬೇಕು.

ಶೀರ್ಷಿಕೆಗಳನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸುವ ಕೋಡ್ ಬರೆದಿದ್ದರೆ ಅದಕ್ಕೂ ಒಂದು ಸಾಲಿರಲಿ. ಶಿಗ್ಗಾವಿ ನಮಗೆ ಮೂರಕ್ಷರ, ಯಂತ್ರಕ್ಕೆ ಎಂಟು ಸಂಕೇತ. ನಾಲ್ಕಕ್ಕೆ ಕತ್ತರಿಸಿದರೆ "ಶಿಗ್" ಎಂದು ನಿಲ್ಲುತ್ತದೆ. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಒಳ್ಳೆಯದು. ಕನ್ನಡದಲ್ಲಿಟ್ಟರೆ, ವಾಟ್ಸ್ಯಾಪ್‌ಗೆ ಅಂಟಿಸಿದಾಗ ಸವಣೂರು ಎಂಬ ಒಂದು ಹೆಸರೇ 54 ಚಿಹ್ನೆಗಳ ಸರಮಾಲೆಯಾಗಬಹುದು.

ಊರಿನ ಹಿರಿಯರು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶ ಬಳಸಿ ಟೈಪ್ ಮಾಡಿಸಿದ ಲೇಖನಗಳನ್ನು ಕೊಟ್ಟಿದ್ದಾರೆ ಎಂದಿದ್ದೀಯ. ಅದು ಹಳೆಯ ಆಸ್ಕಿ ಫಾಂಟ್ ಆಗಿದ್ದರೆ ಒಳಗಿರುವುದು ಕನ್ನಡದ ಸಂಕೇತಗಳಲ್ಲ, ಕನ್ನಡದ ವೇಷ ತೊಟ್ಟ ಬೇರೆ ಸಂಕೇತಗಳು. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತರಬೇಕು, ತಂದ ಮೇಲೆ ನಂಬಬಾರದು. ಆಸ್ಕಿಯಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಸ್ಥಾನ ಬದಲಿಸುವಾಗಲೇ ಎಡವಟ್ಟಾಗುವುದು. ಪರೀಕ್ಷೆಗೆ ಪದಗಳನ್ನು ದೂರದಿಂದ ತರಬೇಕಿಲ್ಲ: ಸರ್ವಜ್ಞ, ಲಕ್ಷ್ಮೇಶ್ವರ, ತಾರಕೇಶ್ವರ. ಅರ್ಕಾವತ್ತು, ಜ್ಞ, ಎರಡು ಒತ್ತಿನ ಕ್ಷ್ಮ ಎಲ್ಲ ಇವುಗಳಲ್ಲೇ ಸಿಕ್ಕವು. ಪ್ರತಿ ಲೇಖನದ ಒಂದು ಪುಟವನ್ನಾದರೂ ಮುದ್ರಿತ ಪ್ರತಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದು. ಬೇಸರದ ಕೆಲಸ, ಆದರೂ ಬಿಡಬೇಡ. ಕೊಟ್ಟವರು ನಂಬಿ ಕೊಟ್ಟಿದ್ದಾರೆ.

ಮಾಹಿತಿಯನ್ನೂ ಪರೀಕ್ಷೆಗೆ ಸೇರಿಸು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಪುಸ್ತಕಗಳಲ್ಲಿ ನಮ್ಮ ಊರೆಲ್ಲ ಧಾರವಾಡ ಜಿಲ್ಲೆ. ರಟ್ಟೀಹಳ್ಳಿ ಬೇರೆ ತಾಲ್ಲೂಕಾದ ಮೇಲೆ ಹಿರೇಕೆರೂರಿನ ಹಳೆಯ ಹಳ್ಳಿಪಟ್ಟಿಯೂ ಹಾಗೇ ನಿಲ್ಲದು. ಗುಡಿಯ ಅರ್ಚಕರ, ಮಾಹಿತಿ ಕೊಟ್ಟ ಅಜ್ಜಂದಿರ ಫೋನ್ ನಂಬರ್ ಅವರನ್ನು ಕೇಳದೆ ಯಾವ ಪುಟದಲ್ಲೂ ಇರಬಾರದು. ಇದನ್ನು ಮೊದಲ ಐದು ಸಾಲುಗಳಲ್ಲಿ ಬರೆ.

ತಾಣವನ್ನು ಫೋನಿನಲ್ಲಿ ನೋಡುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿನ್ನ ಲ್ಯಾಪ್‌ಟಾಪ್ ಬಿಟ್ಟು, ಮನೆಯಲ್ಲಿರುವ ಅತ್ಯಂತ ಹಳೆಯ ಆಂಡ್ರಾಯ್ಡ್ ಫೋನ್ ಹಿಡಿದು ಬಿಸಿಲಿಗೆ ಹೋಗು. ಅಕ್ಷರ ದೊಡ್ಡದು ಮಾಡಿ ನೋಡು. ಸಾಲಿನ ಅಂತರ ಇಂಗ್ಲಿಷಿಗೆ ಹೊಂದಿಸಿದ್ದರೆ ನಮ್ಮ ಒತ್ತಕ್ಷರಗಳ ಕಾಲು ತುಂಡಾಗಿರುತ್ತದೆ.

ಆಮೇಲೆ ಬೇರೆಯವರ ಕೈಗೆ ಕೊಡು. ಕಟ್ಟಿದವರೇ ಪರೀಕ್ಷಿಸಬಾರದು ಎಂಬುದೂ ಮೈಯರ್ಸ್ ಹೇಳಿದ್ದೇ. ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ, ಐದು ಮಂದಿ ಬಳಸುವುದನ್ನು ನೋಡಿದರೆ ತೊಡಕುಗಳಲ್ಲಿ ಹೆಚ್ಚಿನವು ಗೊತ್ತಾಗುತ್ತವೆ ಎಂದು ವಾದಿಸಿದರು. ನಿನ್ನ ಚಿಕ್ಕವ್ವ, ಕಿರಾಣಿ ಅಂಗಡಿಯ ಕಾಕಾ, ಎಸ್ಸೆಸ್ಸೆಲ್ಸಿ ಓದುವ ತಮ್ಮ, ಇಂಥ ಐವರು ಸಾಕು. "ಕನಕದಾಸರು ಹುಟ್ಟಿದ ಊರಿಗೆ ಹೋಗುವ ದಾರಿ ಹುಡುಕಿಕೊಡ್ರಿ" ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕೂತ್ಕೊ. ಕೈ ತೋರಿಸಬೇಡ, ಬಾಯಿ ಬಿಡಬೇಡ. ಅವರ ಬೆರಳು ಎಲ್ಲಿ ನಿಂತಿತೋ ಅಲ್ಲಿ ನಿನಗೆ ಕೆಲಸವಿದೆ.

ಮಾಡದಿರುವುದನ್ನೂ ಹಾಳೆಯ ಕೆಳಗೆ ಬರೆ. ಒಮ್ಮೆಗೇ ಲಕ್ಷ ಜನ ಬಂದರೆ ಏನಾದೀತು ಎಂಬ ಪರೀಕ್ಷೆ ನಿನಗೆ ಈಗ ಬೇಡ, ಎಲ್ಲ ಬ್ರೌಸರುಗಳ ಎಲ್ಲ ಆವೃತ್ತಿಗಳೂ ಬೇಡ. ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ತೋರಿಸಲಾಗದು ಎಂದು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಐದು ದಶಕಗಳ ಹಿಂದೆಯೇ ಎಚ್ಚರಿಸಿದ್ದರು. ಎಲ್ಲಿ ನಿಲ್ಲಿಸಬೇಕೆಂದು ನೀನೇ ಮೊದಲು ಗೆರೆ ಎಳೆಯದಿದ್ದರೆ ತಾಣ ಎಂದೂ ಹೊರಬರುವುದಿಲ್ಲ. ನನ್ನ ಸಲಹೆ: ಹೆಸರು, ಅಕ್ಷರ, ಮಾಹಿತಿ, ಹಳೆಯ ಫೋನು ಈ ನಾಲ್ಕರ ಸಾಲುಗಳೆಲ್ಲ ಸರಿಯಾದ ದಿನ ಬಿಡುಗಡೆ ಮಾಡು. ಮುಂದೆ ಏನೇ ಬದಲಿಸಿದರೂ ಇದೇ ಸಾಲುಗಳನ್ನು ಮತ್ತೊಮ್ಮೆ ನಡೆಸು. ಹೊಸದನ್ನು ಸೇರಿಸುವಾಗಲೇ ಹಳೆಯದು ಮುರಿಯುವುದು. ಬ್ಯಾಕಪ್ ಇಟ್ಟಿದ್ದೇನೆ ಎಂದರೆ ಸಾಲದು, ಅದರಿಂದ ಇಡೀ ತಾಣವನ್ನು ಒಮ್ಮೆ ಮರಳಿ ಎಬ್ಬಿಸಿ ನೋಡು.

ಹಾಳೆ ಬರೆದ ಮೇಲೆ ಫೋಟೋ ತೆಗೆದು ನನಗೆ ಕಳಿಸು. ಊರಿನ ಹೆಸರುಗಳ ಪಟ್ಟಿಯನ್ನು ಮಾತ್ರ ಮೊದಲೇ ಕಳಿಸು, ಹಿರೇಕೆರೂರು ಕಡೆಯ ಹಿರಿಯರಿಗೆ ತೋರಿಸಿ ಬಿಟ್ಟುಹೋದ ರೂಪಗಳನ್ನು ಸೇರಿಸಿಕೊಡುತ್ತೇನೆ.

ನಿನ್ನ
ಅಕ್ಕ