ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ: ಹೆಜ್ಜೆ ಇಡುವ ಮೊದಲು



ನಮ್ಮ ಸಂಘಗಳಲ್ಲಿ ನರ್ಸ್ ಕೆಲಸ ಮಾಡುವ ಸದಸ್ಯೆಯರಿದ್ದಾರೆ. ಮಗಳನ್ನೋ ಸೊಸೆಯನ್ನೋ ನರ್ಸಿಂಗ್ ಓದಿಸಿದ ತಾಯಂದಿರೂ ಇದ್ದಾರೆ. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತುಹೋದ ಮೇಲೆ ಮನೆಯ ಹೆಂಗಸಿನ ಸಂಬಳದ ಬೆಲೆ ಏನು ಅಂತ ನಮಗೆಲ್ಲ ಗೊತ್ತು. ಹತ್ತು ವರ್ಷ ವಾರ್ಡಿನಲ್ಲಿ ದುಡಿದ ಒಬ್ಬ ಸದಸ್ಯೆ ಸಭೆಯಲ್ಲಿ ಎದ್ದು, "ಸೊಂಟ ನೋವು ತಡೆಯಕ್ಕಾಗ್ತಿಲ್ಲ ಅಕ್ಕ, ನೈಟ್ ಡ್ಯೂಟಿ ಸಾಕಾಗಿದೆ. ಎಕ್ಸ್‌ರೇ, ಸ್ಕ್ಯಾನಿಂಗ್ ಕಲಿತು ಆ ಕಡೆ ಹೋಗ್ಲಾ? ಸಂಘದಿಂದ ಸಾಲ ಕೊಡ್ತೀರಾ?" ಎಂದು ಕೇಳಿದರೆ ನಾವು ಏನು ಹೇಳಬೇಕು? ಹೂಂ ಅನ್ನುವ ಮೊದಲೂ ಉಹೂಂ ಅನ್ನುವ ಮೊದಲೂ ಕೆಲವು ವಿಷಯ ತಿಳಿದಿರಬೇಕು.

1. ಆ ಕೋಣೆಯಲ್ಲಿ ಏನು ಕೆಲಸ?

1895ರ ನವೆಂಬರ್ 8ರಂದು ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಎಕ್ಸ್‌ರೇ ಕಿರಣಗಳನ್ನು ಕಂಡುಹಿಡಿದರು. ಇಂದು ದೇಹದ ಒಳಗನ್ನು ನೋಡಲು ಮುಖ್ಯವಾಗಿ ನಾಲ್ಕು ವಿಧಾನಗಳಿವೆ. ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್ ಈ ಕಿರಣಗಳಿಂದ ನಡೆಯುತ್ತವೆ. ಎಂ.ಆರ್.ಐ.ಗೆ ಬಲವಾದ ಅಯಸ್ಕಾಂತ ಬೇಕು. ಅಲ್ಟ್ರಾಸೌಂಡ್ ಶಬ್ದದ ಅಲೆಗಳಿಂದ ನಡೆಯುತ್ತದೆ. ರೋಗಿಯನ್ನು ಸರಿಯಾಗಿ ಮಲಗಿಸಿ, ಯಂತ್ರ ನಡೆಸಿ, ಸ್ಪಷ್ಟ ಚಿತ್ರ ತೆಗೆದುಕೊಡುವುದು ಟೆಕ್ನಿಷಿಯನ್ ಕೆಲಸ. ಚಿತ್ರ ನೋಡಿ ರೋಗ ಹೇಳುವುದು ವೈದ್ಯರ ಕೆಲಸ.

2. ನರ್ಸಿಂಗ್ ಸರ್ಟಿಫಿಕೇಟು ಅಲ್ಲಿ ನಡೆಯುತ್ತದೆಯೇ?

ಇಲ್ಲ. ನರ್ಸಿನ ಅನುಭವ ಜೊತೆಗೆ ಬರುತ್ತದೆ, ಸರ್ಟಿಫಿಕೇಟು ಬರುವುದಿಲ್ಲ. ಜಿ.ಎನ್.ಎಂ. ಓದಿದವರೂ ಇಮೇಜಿಂಗ್ ಟೆಕ್ನಾಲಜಿಯನ್ನು ಹೊಸ ವಿದ್ಯಾರ್ಥಿನಿಯಾಗಿಯೇ ಕಲಿಯಬೇಕು. ಡಿಪ್ಲೊಮಾಕ್ಕೆ ಎರಡು-ಮೂರು ವರ್ಷ, ಬಿ.ಎಸ್ಸಿ. ಪದವಿಗೆ ಇಂಟರ್ನ್‌ಶಿಪ್ ಸೇರಿ ಸುಮಾರು ನಾಲ್ಕು ವರ್ಷ ಬೇಕು. ಪದವಿಗೆ ಸೇರಲು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ಕಲಾ ವಿಭಾಗದ ಪಿ.ಯು.ಸಿ. ಮೇಲೆ ನರ್ಸಿಂಗ್ ಮಾಡಿದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಇದು ಶುಲ್ಕ ಕಟ್ಟಿದ ಮೇಲೆ ಗೊತ್ತಾಗುವ ವಿಷಯ ಆಗಬಾರದು.

2021ರಲ್ಲಿ ಇಂಥ ಆರೋಗ್ಯ ವೃತ್ತಿಗಳಿಗಾಗಿ ಕೇಂದ್ರ ಸರ್ಕಾರ ಹೊಸ ಕಾಯ್ದೆ ತಂದಿದೆ. ಹಾಗಾಗಿ ಹಿಂದೆ ಓದಿದವರ ಮಾತು ನಂಬಿ ಕೂರದೆ, ಸೇರುವ ವರ್ಷದ ನಿಯಮವನ್ನೇ ಕೇಳಿ. ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ವಿಚಾರಿಸಿದರೆ ಸರಿಯಾದ ದಾರಿ ತಿಳಿಯುತ್ತದೆ.

3. "ಆರು ತಿಂಗಳಲ್ಲಿ ಸ್ಕ್ಯಾನಿಂಗ್" ಎಂಬ ಮಾತಿಗೆ ಮರುಳಾಗಬೇಡಿ

ಕೆಲವು ಹೊರದೇಶಗಳಲ್ಲಿ ತರಬೇತಿ ಪಡೆದ ಟೆಕ್ನಿಷಿಯನ್ನರೇ ಅಲ್ಟ್ರಾಸೌಂಡ್ ಮಾಡುತ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಗರ್ಭಿಣಿಯ ಸ್ಕ್ಯಾನಿಂಗ್ ಅರ್ಹ ವೈದ್ಯರೇ ಮಾಡಬೇಕು, ಯಂತ್ರವಿರುವ ಜಾಗವೂ ನೋಂದಣಿಯಾಗಿರಬೇಕು. ಮಗು ಗಂಡೋ ಹೆಣ್ಣೋ ಎಂದು ಹೇಳಿದರೆ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು ಇದೆ. ಆದ್ದರಿಂದ ಸ್ಕ್ಯಾನಿಂಗ್ ಸರ್ಟಿಫಿಕೇಟು ಕೊಡ್ತೀವಿ, ಕೆಲಸ ಗ್ಯಾರಂಟಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಎಕ್ಸ್‌ರೇ ಯಂತ್ರಕ್ಕೂ ಮಾನ್ಯತೆ ಇರುವ ಓದು ಬೇಕೇ ಬೇಕು.

4. ಕಷ್ಟ ಕಡಿಮೆಯಾಗುತ್ತದೆಯೇ?

ಕೆಲವು ಕಡಿಮೆಯಾಗುತ್ತವೆ, ಕೆಲವು ಹಾಗೇ ಇರುತ್ತವೆ. ಒಬ್ಬ ರೋಗಿಯ ಕೆಲಸ ಮುಗಿದ ಮೇಲೆ ಮುಂದಿನವರು ಬರುತ್ತಾರೆ. ಇಡೀ ವಾರ್ಡಿನ ಡ್ರಿಪ್ಸ್, ಔಷಧಿ, ಹಾಸಿಗೆ ಎಲ್ಲವೂ ಒಬ್ಬಳ ತಲೆ ಮೇಲೆ ಇರುವುದಿಲ್ಲ. ಆದರೆ ಅಪಘಾತ ರಾತ್ರಿಯೂ ಆಗುತ್ತದೆ, ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಗೂ ನೈಟ್ ಡ್ಯೂಟಿ ಉಂಟು. ಕಾಲು ಮುರಿದವರನ್ನು ಎತ್ತಿ ಮಲಗಿಸಬೇಕು. ಭಾರದ ಸೀಸದ ಏಪ್ರನ್ ಹಾಕಿಕೊಂಡು ನಿಲ್ಲುವ ಸಂದರ್ಭಗಳೂ ಇವೆ. ಸೊಂಟ ನೋವಿಗಾಗಿಯೇ ಬದಲಾಯಿಸುವವರು ಮೊದಲು ಸೊಂಟಕ್ಕೆ ಚಿಕಿತ್ಸೆ ಮಾಡಿಸಲಿ.

ವಿಕಿರಣದ ಭಯ ಹಲವರಿಗಿದೆ. ಎಕ್ಸ್‌ರೇ ಸ್ವಿಚ್ ಒತ್ತಿದಾಗ ಮಾತ್ರ ಕಿರಣ ಬರುತ್ತದೆ, ಕೋಣೆಯಲ್ಲಿ ಉಳಿಯುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಸಿಬ್ಬಂದಿಗೆ ತಗಲುವ ವಿಕಿರಣ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಅದನ್ನು ಅಳೆಯಲು ಎದೆಗೆ ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ. ಬ್ಯಾಡ್ಜ್ ಕೊಡದ ಕಡೆ ಕೇಳಿ ಪಡೆಯಬೇಕು. ಗರ್ಭಿಣಿಯಾದರೆ ತಕ್ಷಣ ತಿಳಿಸಬೇಕು. ಎಂ.ಆರ್.ಐ.ಗೆ ವಿಕಿರಣವಿಲ್ಲ, ಆದರೆ ಅದರ ಅಯಸ್ಕಾಂತ ಸದಾ ಎಳೆಯುತ್ತಿರುತ್ತದೆ. 2018ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು.

5. ದುಡ್ಡಿನ ಲೆಕ್ಕ

ಶುಲ್ಕ ಮಾತ್ರ ಲೆಕ್ಕ ಹಾಕಿದರೆ ಸಾಲದು. ಉದಾಹರಣೆಗೆ, ತಿಂಗಳಿಗೆ 15,000 ರೂ. ಸಂಬಳ ಬಿಟ್ಟು ಎರಡು ವರ್ಷ ಓದಿದರೆ ಕೈತಪ್ಪುವ ಹಣವೇ 3,60,000 ರೂ. ಸಂಘದಿಂದ ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿಯಲ್ಲಿ 50,000 ರೂ. ತೆಗೆದು ಅಸಲು ಕಟ್ಟದಿದ್ದರೆ ಎರಡು ವರ್ಷಕ್ಕೆ ಬಡ್ಡಿಯೇ 24,000 ರೂ. ಸಂಘದ ಸಾಲ ಚಿಕ್ಕ ಅವಧಿಗೆ ಒಳ್ಳೆಯದು. ಓದಿಗೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ, ಅದರ ಕಂತು ಸಾಮಾನ್ಯವಾಗಿ ಓದು ಮುಗಿದ ಮೇಲೆ ಶುರುವಾಗುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವರಿಗೆ 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಖರ್ಚು ಉಳಿಯುತ್ತದೆ.

6. ನಡುವಿನ ದಾರಿಯೂ ಇದೆ

ಸಿ.ಟಿ., ಎಂ.ಆರ್.ಐ. ವಿಭಾಗಗಳಿಗೆ ನರ್ಸ್ ಕೂಡ ಬೇಕಾಗುತ್ತಾರೆ. ಬಣ್ಣದ ಔಷಧಿ ಕೊಡುವ ಮೊದಲು ಅಲರ್ಜಿ ಇದೆಯಾ, ಕಿಡ್ನಿ ಪರೀಕ್ಷೆ ಆಗಿದೆಯಾ, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ತಿಂತಾರೆ ಎಂದು ಕೇಳಬೇಕು. ಸೂಜಿ ಹಾಕಬೇಕು, ಉಸಿರು ಕಟ್ಟಿದರೆ ತಕ್ಷಣ ಗುರುತಿಸಬೇಕು. ಇದು ವಾರ್ಡಿನಲ್ಲಿ ಕಲಿತ ವಿದ್ಯೆಯೇ. ಈಗಿರುವ ಆಸ್ಪತ್ರೆಯಲ್ಲೇ ಆ ವಿಭಾಗಕ್ಕೆ ಬದಲಿ ಕೇಳಿ, ಆರು ತಿಂಗಳು ಕೆಲಸ ಮಾಡಿ ನೋಡಲಿ. ಮನಸ್ಸು ಹಿಡಿದರೆ ಆಮೇಲೆ ಓದಿಗೆ ಸೇರಲಿ. ಹೊಸ ಓದಿಗೆ ಹೋದರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸುತ್ತಿರಲಿ. ಕಷ್ಟಕಾಲದಲ್ಲಿ ಅದೇ ಅನ್ನ ಕೊಡುತ್ತದೆ.

ಸಭೆಯಲ್ಲಿ ಚರ್ಚಿಸಿ

• ಸಾಲ ಕೇಳಿದ ಸದಸ್ಯೆಗೆ ನಿಜವಾಗಿ ಸಾಕಾಗಿರುವುದು ಏನು: ನೈಟ್ ಡ್ಯೂಟಿಯೋ, ನೋವೋ, ಸಂಬಳವೋ, ಮೇಲಿನವರ ಮಾತೋ? ಅದು ಹೊಸ ಕೆಲಸದಲ್ಲಿ ತಪ್ಪುತ್ತದೆಯೇ?
• ಓದುವ ಎರಡು-ಮೂರು ವರ್ಷ ಮನೆ ನಡೆಸುವವರು ಯಾರು? ಗಂಡ, ಅತ್ತೆ ಒಪ್ಪಿದ್ದಾರೆಯೇ?
• ಕೋರ್ಸಿನ ಮಾನ್ಯತೆಯ ಕಾಗದವನ್ನು ಸಂಘದ ಇಬ್ಬರು ಕಣ್ಣಾರೆ ನೋಡಿದ್ದಾರೆಯೇ?

ಮೂರಕ್ಕೂ ಉತ್ತರ ಸಿಕ್ಕ ಮೇಲೆ ಅವಳು ಹೊರಟರೆ ಧೈರ್ಯವಾಗಿ ಕಳಿಸಿಕೊಡಿ. ಮೂವತ್ತೈದಕ್ಕೋ ನಲವತ್ತಕ್ಕೋ ಮತ್ತೆ ಪುಸ್ತಕ ಹಿಡಿಯುವವಳಿಗೆ ಸಾಲಕ್ಕಿಂತ ಹೆಚ್ಚಾಗಿ ಬೇಕಾಗುವುದು, ಪರೀಕ್ಷೆ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನೆರೆಮನೆಯ ಸದಸ್ಯೆ.