ಉಣ್ಣುವವರನ್ನೂ ಕೇಳಿರಿ

ಮಂಡಗದ್ದೆಯ ಸುತ್ತಿನ ಊರುಗಳಲ್ಲಿ, ತುಂಗೆ ತುಂಬಿ ಹರಿದು ಹೊರಗೆ ಕಾಲಿಡಲಾಗದ ಮಳೆಗಾಲದ ದಿನಗಳಲ್ಲಿ, ಅಶಕ್ತರಿಗೆ ಒಂದು ಹೊತ್ತಿನ ಅನ್ನವನ್ನೀಯಬೇಕೆಂದು ಸಂಕಲ್ಪಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ದಾನಿಗಳ ಸಭೆಯಲ್ಲಿಯೇ ಅಡುಗೆಯನ್ನು ನಿಶ್ಚಯಿಸಿಬಿಡದೆ, ಉಣ್ಣುವವರನ್ನೂ ಬಡಿಸುವವರನ್ನೂ ಜೊತೆಗೆ ಕೂರಿಸಿಕೊಳ್ಳಿರಿ. 2002ರಲ್ಲಿ ಮೊದಲಾದ, ಶಾಲಾಮಕ್ಕಳ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹದಲ್ಲಿ, ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವುಂಟು. ಒಳ್ಳೆಯದೇ, ಆದರೆ ನಾಲಗೆ ಶಿಕ್ಷಕರದು, ಹಸಿವು ಮಕ್ಕಳದು. ಪಂಕ್ತಿಯೆದ್ದ ಮೇಲೆ ಹಲ್ಲಿಲ್ಲದ ಅಜ್ಜಿಯ ಎಲೆಯಲ್ಲಿ ಪಲ್ಯವು ಹಾಗೆಯೇ ಉಳಿದಿರುವುದನ್ನು ಮೊದಲು ಕಾಣುವವನು ಎಲೆಯೆತ್ತುವ ಹುಡುಗನೇ ಹೊರತು ಅಧ್ಯಕ್ಷರಲ್ಲ. ಸೌಟು ಹಿಡಿದು ನಿಂತು ಕೇಳಿದರೆ ದಾಕ್ಷಿಣ್ಯದಿಂದ ‘ಎಲ್ಲ ಚೆನ್ನಾಗಿದೆಯಪ್ಪಾ’ ಎಂದಾರು. ಸೊಪ್ಪು ಸೋಸುತ್ತ ಪಕ್ಕದಲ್ಲಿ ಕುಳಿತು ಕೇಳಿದರೆ, ಪಾಯಸಕ್ಕಿಂತ ಬಿಸಿ ಗಂಜಿಯೂ ಮಿಡಿ ಉಪ್ಪಿನಕಾಯಿಯೂ ಸಾಕಿತ್ತೆಂದು ತಾವಾಗಿಯೇ ಹೇಳಿಯಾರು.