ಹೆಸರು ಮೂರು, ಔಷಧ ಒಂದೇ

ಕಳೆದ ಜಾತ್ರೆಯ ಆರೋಗ್ಯ ಶಿಬಿರಕ್ಕೆ ಬಂದಿದ್ದ ಹಿರಿಯ ತಾಯಿಯೊಬ್ಬರು ತಮ್ಮ ಕೈಚೀಲದಿಂದ ಮೂರು ಬಗೆಯ ಮಾತ್ರೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಮೊಣಕಾಲು ನೋವಿಗೆ, ಇನ್ನೊಂದು ಜ್ವರಕ್ಕೆ, ಮತ್ತೊಂದು ನೆಗಡಿಗೆ ಎಂದರು. ಮೊದಲೆರಡನ್ನು ದಿನಕ್ಕೆ ಮೂರು ಬಾರಿ, ನೆಗಡಿಯದನ್ನು ಎರಡು ಬಾರಿ ಸೇವಿಸುತ್ತಿದ್ದರು. ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ ಮೂರರಲ್ಲಿಯೂ ಇದ್ದುದು ಪ್ಯಾರಾಸಿಟಮಾಲ್. 650 ಮಿಲಿಗ್ರಾಂನ ಆರು, 500ರ ಎರಡು. ಒಟ್ಟು ದಿನಕ್ಕೆ 4900 ಮಿಲಿಗ್ರಾಂ! ಆರೋಗ್ಯವಂತ ವಯಸ್ಕರೇ 24 ಗಂಟೆಗಳಲ್ಲಿ 4000 ಮಿಲಿಗ್ರಾಂ ಮೀರಬಾರದು. ವೃದ್ಧರಿಗೆ, ಕೃಶ ಶರೀರದವರಿಗೆ, ಮದ್ಯಪಾನದ ಅಭ್ಯಾಸವುಳ್ಳವರಿಗೆ ಈ ಮಿತಿ ಇನ್ನೂ ಕಡಿಮೆ. ಅವರನ್ನು ಕೂಡಲೇ ರಕ್ತಪರೀಕ್ಷೆಗೆ ಕಳುಹಿಸಲಾಯಿತು. ಪುಣ್ಯವಶಾತ್ ಯಕೃತ್ತಿಗೆ ಹಾನಿಯಾಗಿರಲಿಲ್ಲ.

ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಇವೆಲ್ಲ ಕಂಪನಿಗಳು ಇಟ್ಟ ಹೆಸರುಗಳು. ಒಳಗಿನ ಔಷಧ ಪ್ಯಾರಾಸಿಟಮಾಲ್ ಒಂದೇ. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧ ತನ್ನ ಮೂಲ ಹೆಸರಿನಲ್ಲಿಯೇ ದೊರೆಯುತ್ತದೆ. ಅದನ್ನೇ ಜೆನೆರಿಕ್ ಎನ್ನುತ್ತಾರೆ. ಅಗ್ಗದ ಮಾತ್ರೆಗೆ ಶಕ್ತಿ ಕಡಿಮೆ ಎಂಬ ಸಂದೇಹ ಅನೇಕ ಭಕ್ತರಲ್ಲಿದೆ. ಆದರೆ ಔಷಧಾಂಶ ಎಷ್ಟಿರಬೇಕು, ಮಾತ್ರೆ ಹೇಗೆ ಕರಗಬೇಕು ಎಂಬುದಕ್ಕೆ ಎರಡು ಬಗೆಯವಕ್ಕೂ ಅನ್ವಯಿಸುವ ಮಾನದಂಡ ಒಂದೇ. ಅದು ಭಾರತೀಯ ಔಷಧ ಸಂಹಿತೆಯದು. ಬಣ್ಣ, ಆಕಾರ, ಅಂಟುದ್ರವ್ಯಗಳು ಬೇರೆಯಾಗಬಹುದು. ಗುಣಮಟ್ಟ ತಪ್ಪಿದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಹೆಸರಾಂತ ಬ್ರ್ಯಾಂಡುಗಳೂ ಕಾಣಿಸಿಕೊಂಡದ್ದುಂಟು. ಹೆಸರೊಂದೇ ಭರವಸೆಯಾಗಲಾರದು.

ಹಣದ ಉಳಿತಾಯವನ್ನು ಮಾತ್ರ ನಾವು ಉತ್ಪ್ರೇಕ್ಷಿಸುವುದಿಲ್ಲ. ಸಾಮಾನ್ಯ ಪ್ಯಾರಾಸಿಟಮಾಲ್ ಮಾತ್ರೆಗೆ ಸರ್ಕಾರವೇ ಗರಿಷ್ಠ ಬೆಲೆ ನಿಗದಿಪಡಿಸಿರುವುದರಿಂದ ಅಲ್ಲಿ ಉಳಿಯುವುದು ಕೆಲವೇ ರೂಪಾಯಿ. ಮೂಲ ಹೆಸರನ್ನು ಗುರುತಿಸಲು ಕಲಿತರೆ ಒಂದೇ ಔಷಧವನ್ನು ಎರಡು ಬಾರಿ ನುಂಗುವುದು ತಪ್ಪುತ್ತದೆ, ಅದೇ ದೊಡ್ಡ ಲಾಭ. ಕಾಂಬಿಫ್ಲಾಮ್ ಮಾತ್ರೆಯನ್ನೇ ನೋಡಿರಿ. ಅದರಲ್ಲಿ 400 ಮಿಲಿಗ್ರಾಂ ಐಬುಪ್ರೊಫೇನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಬ್ರೂಫೆನ್ ಎಂಬುದರಲ್ಲಿರುವುದೂ ಅದೇ ಐಬುಪ್ರೊಫೇನ್. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಉಳ್ಳವರು ಇದನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಡೆಂಗಿಯ ಶಂಕೆಯಿದ್ದರಂತೂ ರಕ್ತಸ್ರಾವದ ಭಯವಿರುವುದರಿಂದ ಬೇಡವೇ ಬೇಡ.

ಅಂಗಡಿಯಲ್ಲಿ ಬದಲಿ ಮಾತ್ರೆ ಕೊಟ್ಟಾಗ ಔಷಧದ ಹೆಸರಿನೊಡನೆ ಮಿಲಿಗ್ರಾಂ ಪ್ರಮಾಣವನ್ನೂ ಹೋಲಿಸಿ ನೋಡಬೇಕು. ಹೆಸರಿನ ಮುಂದೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಸಾಮಾನ್ಯ ಮಾತ್ರೆಗೆ ಅದು ಸಮವಲ್ಲ, ಅದನ್ನು ಮುರಿದು ನುಂಗಲೂಬಾರದು. ಕಣ್ಣು ಮಂಜಾದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಪ್ಯಾರಾಸಿಟಮಾಲ್ ಮಿತಿಮೀರಿದಾಗ ಮೊದಲ ದಿನ ವಾಕರಿಕೆಯ ಹೊರತು ಏನೂ ಕಾಣದಿರಬಹುದು. ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದ್ದು, ಎಂಟು ಗಂಟೆಗಳೊಳಗೆ ಕೊಟ್ಟರೆ ಅತ್ಯಂತ ಫಲಕಾರಿ. ಆದುದರಿಂದ ಹೆಚ್ಚು ನುಂಗಿದ್ದು ತಿಳಿದೊಡನೆ, ಲಕ್ಷಣಗಳಿಗಾಗಿ ಕಾಯದೆ, ಮಾತ್ರೆಯ ಹಾಳೆಗಳನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗತಕ್ಕದ್ದು.